ರಟ್ಟು ಕಟ್ಟಲು ಹೋದ ಪುಸ್ತಕ

"ಪುಸ್ತಕಕ್ಕೆ ಹೊಸ ಅಂಗಿ ಹೊಲಿಸೋಕ್ ಕೊಟ್ಟಿದ್ರಂತಲ್ಲ ಸ್ವಾಮಿ, ಚೆನ್ನಾಗ್ ಹೊಲ್ದವ್ನಾ?"

ದೊಡ್ಡಬಳ್ಳಾಪುರದ ಕೋರ್ಟಿನ ಮೆಟ್ಟಿಲ ಬಳಿ ತೂಬಗೆರೆಯ ಮುನಿಯಮ್ಮ ಹೀಗೆ ಕೇಳಿದ್ದು ನನ್ನನ್ನೇ.

ಇಲ್ಲಿನ ವಕೀಲರ ಕೋಣೆಯ ಕಾನೂನು ಪುಸ್ತಕಗಳನ್ನು ನೋಡಿಕೊಳ್ಳುವವನು ನಾನು. ನನ್ನಂಥವರೆಲ್ಲ ಸೇರುವ ಸಭೆಯೊಂದು ಬರುವ ವಾರ ಬೆಂಗಳೂರಿನಲ್ಲಿದೆ. ಪುಸ್ತಕಗಳ ಜೋಪಾನದ ಬಗ್ಗೆ ನಾನೂ ನಾಲ್ಕು ಮಾತಾಡಬೇಕು. ಅಲ್ಲಿ ತೋರಿಸಲು ಚೆಂದವಾಗಿರಲಿ ಎಂದು ಹಳೆಯ ತೀರ್ಪುಗಳ ಒಂದು ಸಂಪುಟವನ್ನು, ಯಾರನ್ನೂ ಕೇಳದೆ, ರಟ್ಟು ಕಟ್ಟಲು ಕಳಿಸಿಬಿಟ್ಟಿದ್ದೆ. ಮುನಿಯಮ್ಮನವರು ತಮ್ಮ ಬಾವಿಯ ದಾರಿಗಾಗಿ ಹಾಕಿದ್ದ ದಾವೆಗೆ ಅವರ ವಕೀಲರು ನಂಬಿಕೊಂಡಿದ್ದ ತೀರ್ಪು ಅದರಲ್ಲೇ ಇತ್ತು. ವಿಚಾರಣೆಯ ಬೆಳಿಗ್ಗೆ ಆ ವಕೀಲರು ಬೀರು ತೆರೆದರೆ ಸಂಪುಟದ ಜಾಗ ಖಾಲಿ. ಒಂದು ವಾರ ವಾಯಿದೆ ಕೇಳಿದರು, ಮುನ್ಸೀಫರು ಕೊಡಲಿಲ್ಲ. ಪಕ್ಕದ ಹೊಲದವರು ದಾರಿಗೆ ಬೇಲಿ ಹಾಕಿಕೊಳ್ಳಬಹುದೆಂದು ತೀರ್ಪಾಯಿತು.

"ತಪ್ಪಾಯ್ತು ತಾಯಿ" ಎಂದೆ.

"ನಿಮ್ಮನ್ ಬೈದ್ರೆ ನೀರ್ ಬರ್ತದಾ? ಇನ್ಮೇಲೆ ಕೆರೆ ಸುತ್ಕೊಂಡ್ ಹೋಗ್ತೀನಿ ಬಿಡಿ" ಎಂದು ಮುನಿಯಮ್ಮ ಸೆರಗು ಕೊಡವಿಕೊಂಡು ನಡೆದುಬಿಟ್ಟರು.

ಸಂಪುಟ ಮೊನ್ನೆ ವಾಪಸು ಬಂತು. ಕೆಂಪು ರಟ್ಟು, ಬೆನ್ನಿಗೆ ಚಿನ್ನದ ಅಕ್ಷರ. ಸಭೆಗೆ ನಾನೊಬ್ಬನೇ ಹೋಗುತ್ತೇನೆ. ಅದು ಬೀರುವಿನಲ್ಲೇ ಇರುತ್ತದೆ, ಬೀಗದ ಕೈ ವಕೀಲರ ಹತ್ತಿರ. ಮುನಿಯಮ್ಮನವರಿಗೆ ಅದು ಬೇಕಾಗಿದ್ದ ದಿನ ಮಾತ್ರ ಕಳೆದುಹೋಗಿದೆ.