ಪಾಟೀಲ ಮೈನರ್‌ನ ಗುಡ್ ನೈಟ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಕತೆ ಕಟ್ಟುವವನಾಗಿದ್ದರೆ ನನ್ನ ಮಾನ ಉಳಿಯುವ ಹಾಗೆ ಕಟ್ಟುತ್ತಿದ್ದೆ. ಇದರಲ್ಲಿ ಅದು ಉಳಿದಿಲ್ಲ.

ಕಮಲಾಪುರದ ಹೊರಗೆ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ ಹಳೆಯ ವಸತಿ ಶಾಲೆಯಲ್ಲಿ ನಾನು ವಾರ್ಡನ್. ದೊರೆ ಹೋದರೂ ಅವನ ರಿವಾಜು ಹೋಗಿಲ್ಲ. ಹುಡುಗರನ್ನು ಅಡ್ಡಹೆಸರಿನಿಂದಲೇ, ಅಂದರೆ ಮನೆತನದ ಹೆಸರಿನಿಂದಲೇ ಕರೆಯಬೇಕು. ಒಂದೇ ಅಡ್ಡಹೆಸರಿನವರು ಇಬ್ಬರಿದ್ದರೆ ದೊಡ್ಡವನು ಮೇಜರ್, ಸಣ್ಣವನು ಮೈನರ್. ನಮ್ಮ ಕಡೆ ಕಲ್ಲೆಸೆದರೆ ಪಾಟೀಲರಿಗೇ ಬೀಳುತ್ತದೆ ಬಿಡಿ. ಮಲಗುವ ಹೊತ್ತಿಗೆ ವಾರ್ಡನ್ ಒಬ್ಬೊಬ್ಬರ ಹೆಸರು ಹಿಡಿದು ಗುಡ್ ನೈಟ್ ಹೇಳಬೇಕು, ಅವರು ತಿರುಗಿ ಹೇಳಬೇಕು.

ಆ ಸಂಜೆ ಐದನೆಯ ಕ್ಲಾಸಿನ ಹೊಸ ಹುಡುಗ, ಪಾಟೀಲ ಮೈನರ್, ನನ್ನ ರೂಮಿಗೆ ಬಂದಿದ್ದ.

“ಸರ್, ನಮ್ಮವ್ವಗ ಒಂದ್ ಫೋನ್ ಹಚ್ಚಿ ಕೊಡ್ರಿ. ಕಲಬುರಗಿ ದವಾಖಾನಿದಾಗ ಇದ್ದಾಳ್ರಿ.”

“ಐತಾರ ಮಾತಾಡು. ರೂಲ್ ಅಂದ್ರ ರೂಲ್.”

ಟಿವಿಯಲ್ಲಿ ಮ್ಯಾಚ್ ನಡೆದಿತ್ತು. ಅವನ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ರಾತ್ರಿ ಕರೆಂಟ್ ಹೋಯಿತು. ಮಲಗುವ ಹಾಲಿನ ಬಾಗಿಲಲ್ಲೇ ನಿಂತು ಕತ್ತಲಿಗೆ ಹೆಸರು ಕರೆದೆ.

“ಗುಡ್ ನೈಟ್, ಪಾಟೀಲ ಮೈನರ್.”

ತಡವಾಯಿತು... ಆಮೇಲೆ ಅವನ ಮಂಚದ ಕಡೆಯಿಂದ ಬಂತು, “ಗುಡ್ ನೈಟ್, ಸರ್.”

ಒಡೆದ ಗಂಟಲು. ಮೀಸೆ ಮೂಡುವ ವಯಸ್ಸಿನ ದನಿ. ಜೊತೆಗೆ ಈಗಷ್ಟೇ ಆರಿಸಿದ ಚಿಮಣಿ ದೀಪದ ಕಮಟು ವಾಸನೆ... ಒಂಬತ್ತನೆಯ ಕ್ಲಾಸಿನ ಪಾಟೀಲ ಮೇಜರ್ ಕಿಡಿಗೇಡಿತನ ಮಾಡಿದ ಅಂದುಕೊಂಡು ನಕ್ಕು ಹೊರಟೆ.

ಹುಡುಗರೆಲ್ಲ ಮಲಗಿದ ಮೇಲೆ ನಾನು ಊಟಕ್ಕೆ ಕೂತಾಗ ರೊಟ್ಟಿ ಕೈಯಲ್ಲೇ ಉಳಿಯಿತು. ಪಾಟೀಲ ಮೇಜರ್‌ನನ್ನು ಅಕ್ಕನ ಮದುವೆಗೆಂದು ಬೆಳಿಗ್ಗೆ ನಾನೇ ಬಸ್ಸು ಹತ್ತಿಸಿದ್ದೆ!

ಓಡಿದೆ. ಮೈನರ್‌ನ ಮಂಚ ಖಾಲಿ, ಹೊದಿಕೆ ಮಡಿಚಿದ ಹಾಗೇ ಇತ್ತು.

ಪಕ್ಕದ ಮಂಚದ ಹುಡುಗ ಪಿಸುಗುಟ್ಟಿದ, “ಅಂವ ಊಟಕ್ಕ ಮೊದಲೇ ಹೋಗ್ಯಾನ್ರಿ ಸರ್.”

“ಮತ್ತ ಗುಡ್ ನೈಟ್ ಅಂದವ್ರು ಯಾರು?”

“ಯಾರೂ ಅನ್ನಲಿಲ್ರಿ... ನೀವೇ ಸುಮ್ನ ನಕ್ಕೋತ ಹೋದ್ರಿ.”

ಕಾವಲುಗಾರನ ಬೈಕ್ ಹತ್ತಿ ಕಮಲಾಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ, ಬಾಳೆಹಣ್ಣಿನ ಬಂಡಿಯ ಕೆಳಗೆ ಅವನು ಮುದುಡಿ ಕೂತಿದ್ದ. ಕಲಬುರಗಿಯ ಬಸ್ಸು ತಪ್ಪಿಹೋಗಿತ್ತು. ಹೋದ ಜೀವ ಬಂದಂತಾಯಿತು. ಅಲ್ಲಿಯೇ ಅವನ ತಾಯಿಗೆ ಫೋನ್ ಮಾಡಿ ಕೊಟ್ಟೆ. ಮಾತಾಡಿ ಮುಗಿಸಿ ಕಣ್ಣೊರೆಸಿಕೊಂಡ.

“ನಾ ಇಲ್ಲ ಅಂತ ನಿಮಗ ಗೊತ್ತಾಗಲಿಲ್ಲೇನ್ರಿ ಸರ್?”

“ನಿನ್ನ ದನಿ ಕೇಳಿದಂಗಾತಪಾ, ಅದಕ್ಕ...”

“ನನ್ನ ದನಿ ಹ್ಯಾಂಗದ ಅಂತ ನಿಮಗ ಗೊತ್ತದೇನ್ರಿ?”

ಅವನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ವಾಪಸು ಬಂದೆ. ಅಂದಿನಿಂದ ಒಬ್ಬೊಬ್ಬರ ಮಂಚದ ಹತ್ತಿರ ಹೋಗಿ, ಮುಖ ನೋಡಿಯೇ ಗುಡ್ ನೈಟ್ ಹೇಳುತ್ತೇನೆ. ಆ ದನಿ ಮತ್ತೆ ಬಂದಿಲ್ಲ. ಅದು ಯಾರದೋ, ನನಗೊಬ್ಬನಿಗೇ ಏಕೆ ಕೇಳಿಸಿತೋ ತಿಳಿಯದು. ಆದರೆ ಅದು ಆ ಮಗುವಿನ ದನಿಯಲ್ಲ ಅಂತ ಗೊತ್ತಿದ್ದೂ ನಾನು ಹೊರಟುಬಿಟ್ಟೆನಲ್ಲ... ಈ ವಾರ್ಡನ್ ಒಳಗೆ ಬಂದು ನೋಡುವ ಪೈಕಿಯಲ್ಲ ಅಂತ ಆ ದನಿಗೆ ಮೊದಲೇ ಗೊತ್ತಿತ್ತೇ?