ಎಲ್ಲಿಗೆ ಅಂದವರು ಯಾರು?

ಮೊದಲೇ ಹೇಳಿಬಿಡ್ತೀನಿ, ನಾನು ದೆವ್ವ ಗಿವ್ವ ನಂಬುವ ಪೈಕಿ ಅಲ್ಲ. ಯಾರಾದರೂ ಅಂಥ ಕತೆ ಶುರು ಮಾಡಿದರೆ ಎದ್ದುಹೋಗುವ ಜಾತಿ ನಂದು. ಈಗ ನಾನೇ ಹೇಳೋಕೆ ಕೂತಿದೀನಿ. ನೀವು ಎದ್ದುಹೋದರೂ ನನಗೆ ಬೇಜಾರಿಲ್ಲ.

ನನಗಿರುವ ಹುಚ್ಚು ಒಂದೇ, ಹಳೇ ಸಾಮಾನು. ಹಿತ್ತಾಳೆ ಬೀಗ, ಕಪ್ಪು ಗುಂಡು ಸ್ವಿಚ್ಚು, ಮರದ ಪೆಟ್ಟಿಗೆಯ ರೇಡಿಯೋ, ಏನಾದರೂ ಸರಿ. ವಿಜಯನಗರದ ನಮ್ಮ ಎರಡು ರೂಮಿನ ಮನೆಯಲ್ಲಿ ಕಾಲಿಡೋಕೆ ಜಾಗ ಇಲ್ಲ ಅಂತ ನನ್ನ ಹೆಂಡತಿ ದಿನಾ ಬೈತಾಳೆ. ಬೈಯಲಿ. ಜಿಡ್ಡು ಹಿಡಿದ ಚಿಲಕವನ್ನು ಹೆಬ್ಬೆರಳಲ್ಲಿ ಉಜ್ಜಿದಾಗ ಒಳಗಿಂದ ಹಳದಿ ಇಣುಕುತ್ತಲ್ಲ, ಆ ಖುಷಿ ಕಂಡವರಿಗೇ ಗೊತ್ತು.

ಈ ಹುಚ್ಚಿಗೆ ನನ್ನ ಜೊತೆಗಾರ ಚಂದ್ರಣ್ಣ. ದೀಪಾಂಜಲಿ ನಗರದಲ್ಲಿ ಗುಜರಿ ಅಂಗಡಿ ಇಟ್ಟಿದ್ದಾನೆ. ಅಣ್ಣ ಅಂತ ಕರೆದರೂ ಹೋಗೋ ಬಾರೋ ಅನ್ನೋ ಸಲುಗೆ. ಎಲ್ಲಿ ಹಳೇ ಮನೆ ಬೀಳಿಸ್ತಾರೋ ಅವನಿಗೆ ಮೊದಲು ಸುದ್ದಿ ಬರುತ್ತೆ. ನಮ್ಮಿಬ್ಬರ ನಡುವೆ ಒಂದೇ ಕರಾರು: ಮೊದಲು ಯಾರು ಕೈ ಇಡ್ತಾರೋ ಸಾಮಾನು ಅವರದು.

ಕೆಲವು ವರ್ಷದ ಹಿಂದೆ ಒಂದು ಭಾನುವಾರ, ಮಧ್ಯಾಹ್ನ ಮೂರರ ಹೊತ್ತು. ರಾಜಾಜಿನಗರದ ಒಂದು ಹಳೇ ಮನೆಗೆ ಮಾರನೇ ದಿನ ಜೆಸಿಬಿ ಬರೋದಿತ್ತು. ಅಡುಗೆಮನೆ ಅಟ್ಟದ ಮೇಲೆ ದೊಡ್ಡ ರೇಡಿಯೋ ಇದೆ ಅಂತ ಕೆಲಸದವರು ಚಂದ್ರಣ್ಣನಿಗೆ ಹೇಳಿದ್ದರಂತೆ. ತೇಗಕ್ಕೆ ಬೆಲೆ ಬರುತ್ತೆ ಅಂತ ಅವರು ಬಾಗಿಲು, ಕಿಟಕಿಗಳನ್ನೆಲ್ಲ ಚೌಕಟ್ಟಿನ ಸಮೇತ ಕಿತ್ತುಕೊಂಡು ಹೋಗಿದ್ದರು. ಚೌಕಟ್ಟು ಹೋದಮೇಲೆ ಮೇಲಿನ ಗೋಡೆಗೆ ಆಧಾರ ಏನು ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕಣ್ಣೆಲ್ಲ ರೇಡಿಯೋ ಮೇಲೆ.

ಚಂದ್ರಣ್ಣ ಮುಂದೆ, ನಾನು ಹಿಂದೆ. ನಡುಮನೆಯಲ್ಲಿ ಕಾಲಿಟ್ಟರೆ ಗಾರೆ ಪುಡಿ ಉದುರೋ ಸದ್ದು ಮಾತ್ರ ಕೇಳ್ತಿತ್ತು. ಅವನು ಆಗಲೇ ಅಡುಗೆಮನೆ ಬಾಗಿಲಿದ್ದ ಜಾಗದ ಹತ್ತಿರ ಇದ್ದ. ನಾನೂ ಬೇಗ ಹೆಜ್ಜೆ ಹಾಕಿದೆ. ಆಗ ನನ್ನ ಬೆನ್ನ ಹಿಂದೆ, ತೀರಾ ಹತ್ತಿರದಲ್ಲಿ, ಒಂದು ಹೆಂಗಸಿನ ದನಿ.

“ಎಲ್ಲಿಗೋ ಹೊರಟೆ?”

ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಕೇಳಲೇಬೇಕು ಅಂದರೆ ದೂರ ಹೊರಟ್ರಾ ಅನ್ನಬೇಕು. ಇಷ್ಟೂ ಗೊತ್ತಿಲ್ಲವಾ ಅಂತ ತಿರುಗಿದೆ. ಯಾರೂ ಇಲ್ಲ. ಪಕ್ಕದ ಮನೆ ಆಂಟಿ ಯಾರೋ ಗೇಟಿನಿಂದ ಕೂಗಿರಬೇಕು ಅಂದುಕೊಂಡೆ. ನಂಬಿಕೆ ಇಲ್ಲ ಅಂತೀನಿ, ಆದರೆ ಹುಟ್ಟಿದಾಗಿನಿಂದ ಅಮ್ಮ ಮಾಡಿಸಿದ ಅಭ್ಯಾಸ ಎಲ್ಲಿ ಬಿಡುತ್ತೆ? ಹಿಂದಿನಿಂದ ಕೇಳಿದರೆ ವಾಪಸ್ ಬಂದು, ಕೂತು, ಒಂದು ಗುಟುಕು ನೀರು ಕುಡಿದೇ ಹೋಗಬೇಕು. ಗೊಣಗಿಕೊಂಡು ಬಂದು ಮುಂದಿನ ಮೆಟ್ಟಿಲ ಮೇಲೆ ಕೂತು ಬಾಟಲಿ ತೆಗೆದೆ. ಗೇಟಿನ ಹತ್ತಿರ ನರಪಿಳ್ಳೆಯೂ ಇರಲಿಲ್ಲ.

ಕೂತಲ್ಲಿಂದ ಚಂದ್ರಣ್ಣ ಕಾಣ್ತಿದ್ದ. ಮುರುಕು ಸ್ಟೂಲು ಎಳೆದು ಅಟ್ಟದ ಕೆಳಗೆ ಇಡ್ತಿದ್ದ. ಯಾಕೋ ಅವನನ್ನು ಕೂಗಬೇಕು ಅನ್ನಿಸಿತು. ಬಾಯಿ ತೆರೆದೆ. ಹೋಗ್ತಿರೋನನ್ನು ಹಿಂದಿನಿಂದ ಕರೀಬಾರದು ಅಂತ ಬಾಯಿ ಮುಚ್ಚಿದೆ. ಅವನು ಸ್ಟೂಲು ಹತ್ತಿದ. ರೇಡಿಯೋ ಹಿಡಿದು ಎಳೆದ. ಮೇಲಿನ ಗೋಡೆಯಿಂದ ಸಣ್ಣಗೆ ಮಣ್ಣು ಸುರಿಯೋದು ನನಗೆ ಕಾಣಿಸಿತು. ಆಮೇಲೆ ಅಟ್ಟ, ಗೋಡೆ ಎಲ್ಲ ಒಟ್ಟಿಗೆ ಬಂತು.

ಧೂಳಿನಲ್ಲಿ ಏನೂ ಕಾಣಲಿಲ್ಲ. ಅವನು ಕಿರುಚಿದ್ದರಿಂದ ಬದುಕಿದ್ದಾನೆ ಅಂತ ಗೊತ್ತಾಯಿತು. ಅಕ್ಕಪಕ್ಕದವರು ಓಡಿಬಂದರು, ಐದಾರು ಜನ ಸೇರಿ ಕಲ್ಲು ಎತ್ತಿದೆವು. ಬಲಗಾಲು ಪಾದದ ಹತ್ತಿರ ಜಜ್ಜಿಹೋಗಿತ್ತು. ಅವತ್ತೇ ಪಕ್ಕದ ಮನೆಯಲ್ಲಿ ಕೇಳಿದೆ, ಆಂಟಿ ಯಾರಾದರೂ ನನ್ನನ್ನು ಕೂಗಿದರಾ ಅಂತ. ಆ ಮನೆಯಲ್ಲಿ ಇದ್ದದ್ದು ಅಪ್ಪ, ಮಗ ಇಬ್ಬರೇ. ಎದುರು ಮನೆಗೆ ಬೀಗ ಹಾಕಿತ್ತು.

ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಚಂದ್ರಣ್ಣನಿಗೆ ಎಲ್ಲ ಹೇಳಿದೆ. ನಗ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಅವನಿಗೆ ಯಾವ ದನಿಯೂ ಕೇಳಿಸಿರಲಿಲ್ಲವಂತೆ. ಕಟ್ಟು ಹಾಕಿದ ಕಾಲು ನೋಡ್ಕೊಂಡು ಕೇಳಿದ.

“ನಿನ್ನನ್ನ ಯಾರೋ ಕರೆದ್ರು, ಸರಿ. ನೀನು ನನ್ನನ್ನ ಯಾಕೋ ಕರೀಲಿಲ್ಲ?”

ಹಿಂದಿನಿಂದ ಕರೀಬಾರದು ಅಂತ ಸುಮ್ಮನಿದ್ದೆ ಅಂದೆ. ಅದು ಸುಳ್ಳಲ್ಲ. ಅವನು ಹ್ಞೂಂ ಅಂದ, ಅಷ್ಟೆ.

ಈಗ ಅವನು ಕೋಲು ಹಿಡಿದು ಅಂಗಡಿಗೆ ಬರ್ತಾನೆ. ಹಳೇ ಮನೆ ಬೀಳೋ ಸುದ್ದಿ ಸಿಕ್ಕರೆ ಇವತ್ತಿಗೂ ನನಗೇ ಫೋನ್ ಮಾಡ್ತಾನೆ. ನಾನು ಒಬ್ಬನೇ ಹೋಗ್ತೀನಿ, ಒಳಗೆ ಕಾಲಿಡೋ ಮುಂಚೆ ಸ್ವಲ್ಪ ಹೊತ್ತು ನಿಂತು ಕಿವಿ ಕೊಡ್ತೀನಿ. ಮತ್ತೆ ಯಾರೂ ಏನೂ ಅಂದಿಲ್ಲ. ಆ ದನಿ ಯಾರದು, ನನ್ನೊಬ್ಬನನ್ನೇ ಯಾಕೆ ತಡೆಯಿತು, ನನಗೆ ಗೊತ್ತಿಲ್ಲ. ಹೆಂಡತಿ ಕೇಳಿದಾಳೆ, ಆಫೀಸಿನವರು ಕೇಳಿದಾರೆ, ಯಾರ ದನಿ ಇರಬಹುದು ಅಂತ. ಚಂದ್ರಣ್ಣ ಒಮ್ಮೆಯೂ ಅದನ್ನು ಕೇಳಿಲ್ಲ.