ಕೆಂಪಿಗೆ ಮುಟ್ಟದ ಹರಳು

ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಆರು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಕ್ಯಾಡ್ಮಿಯಂ ಸೆಲೆನೈಡಿನ ಹರಳುಗಳನ್ನು ಬೆಳೆಸುವುದು, ಬೇಕಾದ ಗಾತ್ರಕ್ಕೆ ಬಂದ ಕೂಡಲೇ ನಿಲ್ಲಿಸುವುದು. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳವು. ವಸ್ತು ಅದೇ, ಗಾತ್ರ ಮಾತ್ರ ಬೇರೆ. ಆದರೂ ಯುವಿ ಟಾರ್ಚ್ ಹಿಡಿದರೆ ಸಣ್ಣವು ಹಸಿರಾಗಿ ಹೊಳೆಯುತ್ತವೆ, ದೊಡ್ಡವು ಕೆಂಪಾಗಿ. ಹರಳು ಸಣ್ಣದಾದಷ್ಟೂ ಒಳಗಿನ ಎಲೆಕ್ಟ್ರಾನಿಗೆ ಜಾಗ ಇಕ್ಕಟ್ಟು. ಅದನ್ನು ಮೇಲಿನ ಮಟ್ಟಕ್ಕೆ ಏರಿಸಲು ಹೆಚ್ಚು ಶಕ್ತಿ ಬೇಕು, ಇಳಿಯುವಾಗ ಆ ಶಕ್ತಿಯೇ ಬೆಳಕಾಗಿ ಹೊರಬರುತ್ತದೆ. ಹೆಚ್ಚು ಶಕ್ತಿಯದು ಹಸಿರು, ಕಡಿಮೆಯದು ಕೆಂಪು. ಅಲೆವೂರಿನಿಂದ ದಿನಾ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬರುತ್ತಿದ್ದ ನನಗೆ ಎಲೆಕ್ಟ್ರಾನಿನ ಕಷ್ಟ ಬೇಗ ಅರ್ಥವಾಗಿತ್ತು.

ನನ್ನ ಪ್ರಬಂಧಕ್ಕೆ ಗಾತ್ರಗಳ ಒಂದು ಪೂರ್ತಿ ಸಾಲು ಬೇಕಿತ್ತು. ಹಸಿರು ಬಂತು, ಹಳದಿ ಬಂತು, ಕಿತ್ತಳೆಯೂ ಬಂತು. ಕೆಂಪು ಮಾತ್ರ ಬರಲಿಲ್ಲ. ಒಮ್ಮೆ ನಾನು ಅವಸರ ಮಾಡಿ ಕೆಡಿಸಿದರೆ ಇನ್ನೊಮ್ಮೆ ಹರಳುಗಳೇ ಅಡ್ಡಾದಿಡ್ಡಿ ಬೆಳೆದು ಹೊಳಪು ಕಳೆದುಕೊಳ್ಳುತ್ತಿದ್ದವು. ಕೊನೆಗೆ ಸೆಲೆನಿಯಂ ಕರಗಿಸುವ ದ್ರಾವಕ ಒಂದೇ ಸಲಕ್ಕೆ ಸಾಲುವಷ್ಟು ಉಳಿಯಿತು. ನನ್ನ ಅವಧಿಯೂ ಆ ತಿಂಗಳಿಗೆ ಮುಗಿಯುತ್ತಿತ್ತು. ಕೆಂಪು ಬಂದರೆ ಪಿಎಚ್.ಡಿ., ಇಲ್ಲದಿದ್ದರೆ ಇಲ್ಲ ಎಂದು ಗೈಡ್ ಮುಖಕ್ಕೇ ಹೇಳಿದ್ದರು.

ಆ ದಿನ ನನ್ನ ಜೊತೆ ಇದ್ದವರು ವಿಜಯಪುರ ಕಡೆಯ ಒಬ್ಬ ಕಾಲೇಜು ಅಧ್ಯಾಪಕಿ. ಎರಡು ತಿಂಗಳ ಹಿಂದಷ್ಟೇ ಸಂಶೋಧನೆಗೆ ಸೇರಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನನ್ನನ್ನು ಮೇಡಂ ಎನ್ನುತ್ತಿದ್ದರು. ನಾನು ಬಣ್ಣ ನೋಡುವುದು, ‘ಆಯ್ತು’ ಎಂದ ಕೂಡಲೇ ಅವರು ಫ್ಲಾಸ್ಕಿನ ಕೆಳಗಿನ ಹೀಟರನ್ನು ಇಳಿಸಿ, ಹರಳು ಬೆಳೆಯುವುದು ನಿಲ್ಲಲು ತಣ್ಣನೆಯ ಬೇರೊಂದು ದ್ರಾವಕವನ್ನು ಸಿರಿಂಜಿನಿಂದ ಒಳಗೆ ಬಿಡುವುದು ಎಂದು ಮಾತಾಗಿತ್ತು. ಆ ಪದವನ್ನು ಆರಿಸಿದವಳು ನಾನೇ.

ಫ್ಲಾಸ್ಕಿನ ಬಣ್ಣ ಹಳದಿಯಿಂದ ಕಿತ್ತಳೆಗೆ ಬಂತು, ಕಿತ್ತಳೆ ಗಾಢವಾಗತೊಡಗಿತು. ಹೊಗೆ ಹೀರುವ ಫ್ಯಾನು ಜೋರಾಗಿ ಸದ್ದು ಮಾಡುತ್ತಿತ್ತು. ಸ್ವಲ್ಪ ತಡೆಯುವಂತೆ ನಾನು ಮಾಸ್ಕಿನ ಒಳಗಿಂದಲೇ ಹೇಳಿದೆ. ಅಷ್ಟರಲ್ಲಿ ಹೀಟರ್ ಇಳಿಯಿತು, ಸಿರಿಂಜ್ ಖಾಲಿಯಾಯಿತು. ಎಲ್ಲ ಕಣ್ಣೆದುರೇ ಮುಗಿಯಿತು.

"ನೀವ ಆಯ್ತು ಅಂದ್ರಲ್ರೀ ಮೇಡಂ," ಎಂದರು ಅವರು.

ಹೇಳಿಯೇ ಇಲ್ಲ ಎಂದು ನಾನು ಕೂಗಾಡಿದೆ. ಕಿವಿ ಎಲ್ಲಿಟ್ಟಿದ್ದಿರಿ ಎಂದೂ ಕೇಳಿದೆ. ತಣ್ಣಗಾದದ್ದನ್ನು ಮತ್ತೆ ಬಿಸಿಗಿಟ್ಟೆ. ಅದರಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಇಟ್ಟೆ. ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಅಂಟಿಕೊಂಡು, ಹತ್ತಾರು ಗಾತ್ರದವು ಒಂದರೊಳಗೊಂದು ಬೆರೆತವು. ಟಾರ್ಚ್ ಹಿಡಿದರೆ ಯಾವ ಬಣ್ಣವೆಂದು ಹೇಳಲಾಗದ ಮಂಕು ಬೆಳಕು.

ನಾವಿಬ್ಬರೂ ಗೈಡ್ ಕೋಣೆಗೆ ಹೋದೆವು. ಅವರು ಕಲ್ಯಾಣಪುರದವರು, ಸಮಾಧಾನದ ಮನುಷ್ಯ. ಏನಾಯಿತೆಂದು ಕೇಳಿದರು. ನಾನು ಹೇಳಿದೆ: "ಇವರು ಮೊದಲೇ ಇಳಿಸಿದ್ದು ಸರ್. ನಾನು ಎಂತ ಹೇಳಲೂ ಇಲ್ಲ, ಆಯ್ತಾ?"

ಆ ಕೊನೆಯ ಪದ ನನ್ನ ಕಿವಿಗೇ ಬಿತ್ತು. ತಿಳಿಯಿತಲ್ಲ ಎನ್ನುವ ಅರ್ಥದಲ್ಲಿ ನಮ್ಮ ಕರಾವಳಿಯವರು ಮಾತಿನ ಬಾಲಕ್ಕೆ ಕಟ್ಟುವ ಪದ. ಆಡುವ ನಮಗೆ ಅದು ಕೇಳಿಸುವುದೇ ಇಲ್ಲ. ಫ್ಲಾಸ್ಕಿನ ಮುಂದೆ ನಾನು ಹೇಳಿದ್ದು ‘ಸ್ವಲ್ಪ ತಡೆಯಿರಿ, ಆಯ್ತಾ’ ಎಂದು. ಫ್ಯಾನಿನ ಗದ್ದಲದಲ್ಲಿ ಅವರಿಗೆ ಕೇಳಿದ್ದು ಬಾಲ ಮಾತ್ರ. ಗೈಡಿಗೆ ಏನೂ ಅನಿಸಲಿಲ್ಲ, ಅವರೂ ಹಾಗೇ ಮಾತಾಡುವವರು. ಬಾಗಿಲ ಬಳಿ ನಿಂತಿದ್ದ ಅಧ್ಯಾಪಕಿ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದರು.

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತಪ್ಪು ಬೇರೆಯವರದ್ದಾದರೆ ನನಗೆ ಇನ್ನೊಂದು ಅವಕಾಶ ಸಿಗಬಹುದೆಂಬ ಆಸೆ. ಅವಕಾಶ ಸಿಗಲಿಲ್ಲ. ಅವರನ್ನು ಇನ್ನು ಫ್ಲಾಸ್ಕಿನ ಹತ್ತಿರ ಬಿಡಬೇಡಿ ಎಂದಷ್ಟೇ ಗೈಡ್ ಹೇಳಿದರು.

ಈಗ ಕಾರ್ಕಳದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ಅರೆವಾಹಕಕ್ಕೂ ಎಲೆಕ್ಟ್ರಾನ್ ಏರಬೇಕಾದ ಶಕ್ತಿಯಂತರ ಒಂದೇ ಒಂದು ಎಂದು ಪುಸ್ತಕದಲ್ಲಿ ಇದ್ದ ಹಾಗೆ ಬರೆಸುತ್ತೇನೆ. ಗಾತ್ರದ ವಿಷಯ ಎತ್ತುವುದಿಲ್ಲ. ಎತ್ತುವ ಮನಸ್ಸೂ ಇಲ್ಲ. ಆರು ವರ್ಷ ಹೋದವು ಎಂದು ಅಳುವುದನ್ನೂ ಬಿಟ್ಟಿದ್ದೇನೆ, ಏಕೆಂದರೆ ಅಳು ಬಂದಾಗಲೆಲ್ಲ ನೆನಪಾಗುವುದು ಹೋದ ವರ್ಷಗಳಲ್ಲ, ಪ್ರಯೋಗಾಲಯದ ಕೊನೆಯ ದಿನ.

ನನ್ನ ಪೆಟ್ಟಿಗೆ ಹೊತ್ತು ಹೊರಟಾಗ ಆ ಅಧ್ಯಾಪಕಿ ಮೆಟ್ಟಿಲ ಬಳಿ ಕಾದಿದ್ದರು.

"ನಿಮ್ಮ ಕಡೆ ಹಂಗ ಮಾತಾಡ್ತೀರಿ ಅನ್ನೋದು ನನಗ ತಿಳೀಬೇಕಿತ್ರೀ ಮೇಡಂ," ಎಂದರು. "ನನ್ನಿಂದ ನಿಮ್ಮ ಆರು ವರ್ಷ ಹೋತು. ತಪ್ಪಾತ್ರಿ."

ನಾನು ಪರವಾಗಿಲ್ಲ ಎಂದು ಅವರನ್ನು ಕ್ಷಮಿಸಿದೆ.